ಆಪಾ, ನಾನಿನ್ನೂ ರಾಜಿಯಿಲ್ಲ

ಜುಬೇದಾ ಆಪಾ,

ಸಲಾಮು, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ಆ ಶಾಂತಿ ಕೋರ್ಸಿನವರು ಏನು ಮಾತು ಕೊಟ್ಟರು, ಏನು ಮಾಡಿದರು ಅನ್ನುವುದನ್ನು ಬರೆದುಬಿಡುತ್ತೇನೆ. ನೀವೇ ಕಲಿಸಿದ್ದಲ್ಲವಾ? ಕೂತ ತಕ್ಷಣ ಅಳಬೇಡ, ಬೈಯಬೇಡ, ಆದದ್ದನ್ನು ಆದ ಹಾಗೆ ಹೇಳು, ಬೈಯೋಕೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತೆ ಅಂತ.

ಕೋರ್ಸು ಕನ್ನಡ, ತಮಿಳು, ಉರ್ದುವಿನಲ್ಲೂ ನಡೆಯುತ್ತದೆ ಎಂದರು. ಇಂಗ್ಲಿಷಿನಲ್ಲಿ ಮಾತ್ರ ನಡೆಯಿತು. ವಾರಕ್ಕೊಂದು ಪಾಠ ನಿಮ್ಮ ಗಲ್ಲಿಯಲ್ಲಿ, ನಿಮ್ಮ ಅಂಗಡಿಯ ಜಗಲಿಯ ಮೇಲೆ ಎಂದರು. ಎರಡು ಸಲ ವಿದ್ಯಾರ್ಥಿಗಳನ್ನು ಕರೆತಂದು ಫೋಟೊ ತೆಗೆದುಕೊಂಡರು, ಮೂರನೇ ಸಲ ಬರಲಿಲ್ಲ. ಪಾಠ ಹೇಳುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸುತ್ತೇವೆ ಎಂದರು. ಪಟ್ಟಿ ಅಚ್ಚಾಯಿತು, ನಿಮ್ಮ ಹೆಸರಿರಲಿಲ್ಲ. ಪ್ರತಿ ವರ್ಷ ಗಲ್ಲಿಯ ಒಬ್ಬರಿಗೆ ಸೀಟು ಎಂದರು. ಅದಕ್ಕೊಂದು ಇಂಗ್ಲಿಷ್ ಪರೀಕ್ಷೆ ಇಟ್ಟು, ಯಾರೂ ಪಾಸಾಗಲಿಲ್ಲ ಎಂದು ಬೋರ್ಡಿಗೆ ಅಂಟಿಸಿದರು. ನಿಮ್ಮಿಂದ ಕೇಳಿ ಬರೆದುಕೊಂಡದ್ದನ್ನು ಅಚ್ಚು ಹಾಕುವ ಮುಂಚೆ ಗಲ್ಲಿಯವರಿಗೆ ಓದಿ ಹೇಳುತ್ತೇವೆ ಎಂದರು. ಅಚ್ಚಾದ ಮೇಲೂ ಓದಲಿಲ್ಲ.

ಇಷ್ಟು ಅವರದ್ದು. ನನ್ನದೂ ಒಂದಿದೆ. ನೀವು ಹೋಗಿ ಮೂರು ವರ್ಷವಾಯಿತು, ಅದನ್ನು ನಿಮಗೆ ಬದುಕಿದ್ದಾಗ ಹೇಳಲಿಲ್ಲ. ಈ ಕಾಗದ ಮುಗಿಯುವುದರೊಳಗೆ ಹೇಳುತ್ತೇನೆ.

ಕೋರ್ಸಿನ ಹೆಸರು ಮೊದಲ ಸಲ ಕೇಳಿದಾಗ ನೀವು ಅಂದದ್ದು ನೆನಪಿದೆಯಾ? 'ಧರ್ಮ, ಸಂಘರ್ಷ ಪರಿಹಾರ ಮತ್ತು ಶಾಂತಿ ನಿರ್ಮಾಣ – ಸ್ನಾತಕೋತ್ತರ ಅಧ್ಯಯನ.' ಕೆ.ಆರ್.ಪುರದ ತೂಗುಸೇತುವೆ ಆಗಷ್ಟೇ ತೆರೆದಿತ್ತು. ನಾನು ಬಸ್ಸಿನಲ್ಲಿ ಅದನ್ನು ದಾಟಿ ಶಿವಾಜಿನಗರಕ್ಕೆ ಬಂದು, ಆ ದೊಡ್ಡ ಹೆಸರನ್ನು ನಿಮಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ನೀವು ಯಾರದೋ ಸೀರೆಗೆ ಫಾಲ್ ಹಾಕುತ್ತಿದ್ದಿರಿ. ಬಾಯಲ್ಲಿ ಕಚ್ಚಿದ ದಾರ ಬಿಡದೆಯೇ ಕೇಳಿದಿರಿ:

"ಶಾಂತಿ ನಿರ್ಮಾಣಾನಾ? ಸಿಮೆಂಟು ಎಷ್ಟು ಮೂಟೆ ಬೇಕಂತೆ?"

ಆ ನಗು ಈಗಲೂ ಕಿವಿಯಲ್ಲಿದೆ. ಆದರೆ ಆಪಾ, ಅವರು ನಿಜವಾಗಿಯೂ ಕಟ್ಟಡ ಕಟ್ಟಿದರು. ಎ.ಸಿ. ಹಾಲು, ಗೋಡೆಯ ಮೇಲೆ ಪಾರಿವಾಳದ ಚಿತ್ರ. ಪಾರಿವಾಳಕ್ಕೆ ಒಳಗೆ ಜಾಗ ಸಿಕ್ಕಿತು. ನಿಮಗೆ?

ಉದ್ಘಾಟನೆಯ ದಿನ ಗೇಟಿನಲ್ಲಿ ವಾಚ್‌ಮನ್ ನಿಮ್ಮ ಬುರ್ಖಾ ನೋಡಿ, "ಕೆಲಸಕ್ಕಾದ್ರೆ ಹಿಂದಿನ ಗೇಟು" ಎಂದ. ನಾನು ಅವನ ಮೇಲೆ ಹಾರಿದೆ. ನೀವು ನನ್ನ ಮೊಣಕೈ ಹಿಡಿದು ಎಳೆದಿರಿ. "ನಕ್ಕೋ ಶಾಂತಾ, ಬೇಡ ಬಿಡು. ಅವನು ಸರಿಯಾಗೇ ಹೇಳಿದ. ಕೆಲಸಕ್ಕೇ ತಾನೇ ಬಂದಿರೋದು ನಾನು? ಸುಮ್ನೆ ಕೂರೋಕೆ ಬಂದಿರೋರೆಲ್ಲ ಮುಂದಿನ ಗೇಟಲ್ಲಿ ಹೋಗ್ಲಿ." ಆಮೇಲೆ ಮುಂದಿನ ಗೇಟಿನಿಂದಲೇ ಹೋದಿರಿ. ನಾಲ್ಕನೇ ಸಾಲಿನಲ್ಲಿ ಕೂರಿಸಿದರು. ವೇದಿಕೆಯ ಮೇಲೆ ಒಬ್ಬರು ನಿಮ್ಮನ್ನು 'ಬಟ್ಟೆಯನ್ನೂ ಮನಸ್ಸನ್ನೂ ಹೊಲಿಯುವ ತಾಯಿ' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀವು ನನ್ನ ಕಿವಿಯಲ್ಲಿ, "ಬಟ್ಟೆ ಎದುರು ಮಾತಾಡಲ್ಲ ಕಣೇ. ಇವರಿಗೆ ಜನ ಹೊಲಿದು ಗೊತ್ತಿಲ್ಲ" ಎಂದಿರಿ.

ನಿಮ್ಮ ಅಂಗಡಿಗೆ ನಾನು ಮೊದಲು ಬಂದದ್ದು ತೊಂಬತ್ತರ ದಶಕದ ನಡುವೆ, ಕಂಕುಳಲ್ಲಿ ಕರಪತ್ರದ ಕಟ್ಟು ಇಟ್ಟುಕೊಂಡು. ರಾಯಚೂರು ಕಡೆಯಿಂದ ಬಂದು ಗರುಡಾಚಾರ್‌ಪಾಳ್ಯದ ಬಾಡಿಗೆ ರೂಮಿನಲ್ಲಿದ್ದೆ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸ, ಯೂನಿಯನ್ನಿನಲ್ಲಿ ಘೋಷಣೆ. ನಿಮ್ಮ ಗಲ್ಲಿಯಲ್ಲಿ ಗಲಾಟೆಯಾಗಿದೆ, ಸೌಹಾರ್ದದ ಕರಪತ್ರ ಹಂಚಿ ಬಾ ಎಂದು ಸಂಘಟನೆ ಕಳಿಸಿತ್ತು. ನೀವು ಒಂದನ್ನು ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದಿರಿ. "ಕಾಗದ ಚೆನ್ನಾಗಿದೆ. ಬ್ಲೌಸ್ ಕಟಿಂಗ್‌ಗೆ ಆಗುತ್ತೆ. ಇನ್ನೂ ಹತ್ತು ಕೊಡು. ಹೆಸರೇನು ನಿಂದು?" ಶಾಂತಾ ಎಂದೆ. "ಹೆಸರು ಶಾಂತಾ. ಬಾಯಿ ನೋಡಿದ್ರೆ ಪಟಾಕಿ ಅಂಗಡಿ." ನನಗೆ ಸಿಟ್ಟು ಬಂತು. ಕ್ರಾಂತಿ ಮಾಡಲು ಬಂದವಳಿಗೆ ಒಬ್ಬಳು ಟೈಲರ್ ಹೀಗೆ ಹೇಳುವುದಾ? ಮಾರನೇ ದಿನವೂ ಬಂದೆ. ಹತ್ತು ವರ್ಷ ಬಂದೆ.

ಆ ಗಲಾಟೆ ಆದದ್ದು ಹೇಗೆ ಎಂದು ಆ ಕೋರ್ಸಿನ ಪುಸ್ತಕದಲ್ಲಿ ಇಪ್ಪತ್ತು ಪುಟ ಬರೆದಿದ್ದಾರೆ. ನೀವು ನಾಲ್ಕು ಮಾತಲ್ಲಿ ಹೇಳಿದ್ದಿರಿ. ಗಣೇಶನ ಪೆಂಡಾಲಿನ ಕಂಬಗಳನ್ನು ಗಲ್ಲಿಯ ಬಾಯಿಗೇ ನೆಟ್ಟಿದ್ದರು. ಅದೇ ದಿನ ಗಲ್ಲಿಯ ಒಳಗೆ ಒಬ್ಬ ಮುದುಕರು ತೀರಿಕೊಂಡರು. ಅವರ ಜನಾಜಾದ ಮಂಚ ಹೊತ್ತು ಬಂದವರಿಗೆ ಕಂಬಗಳ ನಡುವೆ ದಾರಿ ಸಾಲಲಿಲ್ಲ. ಯಾರೋ ಒಂದು ಕಂಬ ಕಿತ್ತರು, ಚಪ್ಪರ ಕುಸಿಯಿತು, ಕಲ್ಲು ಬಿತ್ತು. ಪೊಲೀಸರು ಇಬ್ಬರನ್ನು ಒಯ್ದರು: ಒಬ್ಬ ನಿಮ್ಮ ತಂಗಿಯ ಮಗ, ಇನ್ನೊಬ್ಬ ಪೆಂಡಾಲಿನ ಮುಖಂಡ ಮುರುಗೇಶಣ್ಣನ ತಮ್ಮ. ಮುರುಗೇಶಣ್ಣ ಬಡಗಿ, ನಿಮ್ಮ ಅಂಗಡಿಯ ಬೆಂಚು ಮಾಡಿಕೊಟ್ಟವನೂ ಅವನೇ. ಆವತ್ತಿನಿಂದ ಅವನು ಆ ಬೆಂಚಿನ ಕಡೆ ನೋಡುವುದನ್ನೂ ಬಿಟ್ಟ.

ಠಾಣೆಯಲ್ಲಿ ನಡೆದ 'ಶಾಂತಿ ಸಭೆ'ಯಲ್ಲಿ ನಾನು ನಿಮ್ಮ ಹಿಂದೆಯೇ ನಿಂತಿದ್ದೆ. ಇನ್ಸ್‌ಪೆಕ್ಟರಿಗೆ ಅವಸರ. "ಏನಮ್ಮಾ, ರಾಜಿ ಆಗ್ತೀಯೋ ಇಲ್ವೋ?" ಎಂದು ಕೇಳಿದರು. ನೀವು ಯೋಚಿಸಿ ಹೇಳಿದಿರಿ: "ರಾಜಿ ನೈ ಸಾಬ್..." ಮುಂದಿನ ಮಾತು ಬರುವ ಮುಂಚೆ ಅವರು ರೈಟರ್ ಕಡೆ ತಿರುಗಿಯಾಗಿತ್ತು. 'ರಾಜಿಗೆ ನಿರಾಕರಿಸಿರುತ್ತಾರೆ.' ಬರೆದಾಯಿತು, ಎದ್ದಾಯಿತು. ಆ ಒಂದು ಸಾಲಿನಿಂದ ಇಬ್ಬರು ಹುಡುಗರೂ ಇನ್ನೂ ಎರಡು ವಾರ ಒಳಗೇ ಉಳಿದರು. ಗಲ್ಲಿಯವರೆಲ್ಲ ನಿಮ್ಮನ್ನೇ ಬೈದರು. ನಿಮ್ಮ ತಂಗಿ ನಿಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟರು.

ಹೊರಗೆ ಬಂದು ನಾನೂ ರೇಗಿದ್ದೆ. "ಯಾಕೆ ಆಪಾ ರಾಜಿ ಇಲ್ಲ ಅಂದ್ರಿ?" ನೀವು ಕಂಗಾಲಾಗಿ ನೋಡಿದಿರಿ. "ಮನಸ್ಸಿಗೆ ಖುಷಿ ಇಲ್ಲ ಅಂದೆ ಕಣೇ. ಆದ್ರೂ ಕೂತು ಮಾತಾಡ್ತೀನಿ ಅಂತ ಹೇಳೋಕೆ ಹೊರಟಿದ್ದೆ. ಖುಷಿ ಇಲ್ದೇ ಇದ್ರೆ ಇದೆ ಅಂತ ಹೆಂಗೆ ಹೇಳ್ಲಿ?" ಆಗ ನನಗೆ ಹೊಳೆಯಿತು. ಕನ್ನಡದ ರಾಜಿ ಅಂದರೆ ಜಗಳ ಮುಗಿಸಿ ಸಹಿ ಹಾಕುವುದು. ನಿಮ್ಮ ಮನೆಮಾತಿನ ರಾಜಿ ಅಂದರೆ ಮನಸ್ಸು ಒಪ್ಪುವುದು, ತೃಪ್ತಿಯಾಗುವುದು. ಇನ್ಸ್‌ಪೆಕ್ಟರು ಒಂದನ್ನು ಕೇಳಿದರು, ನೀವು ಇನ್ನೊಂದಕ್ಕೆ ಉತ್ತರ ಕೊಟ್ಟಿರಿ. ನಾನು ಬಿಡಿಸಿ ಹೇಳಿದ ಮೇಲೆ ನೀವು ಆ ದುಃಖದಲ್ಲೂ ನಕ್ಕಿರಿ. "ನಮ್ಮ ರಾಜಿನಾಮಾ ಅಂದ್ರೆ ಜಗಳ ಬಿಟ್ಟೆ ಅಂತ ಬರೆದು ಕೊಡೋದು. ನಿಮ್ಮ ಕನ್ನಡದಲ್ಲಿ ಕೆಲಸ ಬಿಟ್ಟೆ ಅಂತ! ಜಗಳ ಬಿಡೋರೇ ಇಲ್ಲ, ಎಲ್ರೂ ಕೆಲಸಾನೇ ಬಿಡ್ತಾರೆ."

ಆ ತಪ್ಪಿನಿಂದಲೇ ನಿಮ್ಮ ಪದ್ಧತಿ ಹುಟ್ಟಿದ್ದು. ಹುಡುಗರು ಹೊರಬಂದ ಮೇಲೆ ಎರಡೂ ಕಡೆಯವರನ್ನು ಅದೇ ಬೆಂಚಿನ ಮೇಲೆ ಕೂರಿಸಿದಿರಿ. ಮಾತಾಡಿ ಒಂದು ಹಂತಕ್ಕೆ ಬಂದಾಗ ಕನ್ನಡದಲ್ಲಿ ಕೇಳಿದಿರಿ: "ರಾಜಿ ಆದ್ರಾ?" ಎಲ್ಲರೂ ಹೂಂ ಎಂದರು. ಒಂದು ಉಸಿರು ಬಿಟ್ಟು ಎರಡನೇ ಸಲ ಕೇಳಿದಿರಿ: "ಸಚ್ಚಿ ಬೋಲೋ, ರಾಜಿ ಹೈಂ ಕ್ಯಾ? ಮುರುಗೇಶಾ, ನಿಜ ಹೇಳು, ಹೊಟ್ಟೆಯೊಳಗೆ ಒಪ್ಪಿದ್ಯಾ?" ಮುರುಗೇಶಣ್ಣ ತಲೆ ತಗ್ಗಿಸಿ, "ಇಲ್ಲಕ್ಕಾ" ಎಂದ. ನಾನಾಗಿದ್ದರೆ ಎದ್ದು ಹೋಗುತ್ತಿದ್ದೆ. ನೀವು, "ಒಳ್ಳೇದಾಯ್ತು, ಸುಳ್ಳು ಹೇಳ್ಲಿಲ್ಲ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಕೂರೋಣ" ಎಂದಿರಿ.

ಯಾಕೆ ಗುರುವಾರ, ಯಾಕೆ ಹನ್ನೊಂದು ಎಂದು ನಾನು ಕೇಳಿದ್ದೆ. ಶುಕ್ರವಾರ ನಮಾಜು, ಮಂಗಳವಾರ ಮುರುಗೇಶನಿಗೆ ಅಮ್ಮನ ಗುಡಿ, ಭಾನುವಾರ ಮೂಲೆಮನೆಯವರಿಗೆ ಚರ್ಚು. ಹನ್ನೊಂದಕ್ಕೆ ಹೆಂಗಸರ ಅಡುಗೆ ಮುಗಿದಿರುತ್ತದೆ, ಗಂಡಸರ ಕುಡಿತ ಶುರುವಾಗಿರುವುದಿಲ್ಲ. ಇಷ್ಟೇ ನಿಮ್ಮ ಶಾಸ್ತ್ರ. "ದಿನ ಹೇಳ್ದೆ ಎದ್ರೆ ಅದು ಜಗಳ. ದಿನ ಹೇಳಿ ಎದ್ರೆ ಅದಿನ್ನೂ ಮಾತು." ಮೂರು ಗುರುವಾರ ಕೂತರು. ಮೂರನೆಯದರಲ್ಲಿ ಮುರುಗೇಶಣ್ಣ ತಾನೇ ಟೇಪು ತಂದು, ಮಸೀದಿಗೆ ಹೋಗಿ, ಜನಾಜಾದ ಅಗಲ ಅಳೆದು ಬಂದ. ಹೊರುವವರ ಭುಜಕ್ಕೆಂದು ಎರಡೂ ಕಡೆ ಒಂದೊಂದು ಮೊಳ ಸೇರಿಸಿದ. ಆ ವರ್ಷದಿಂದ ಪೆಂಡಾಲಿನ ಕಂಬ ನೆಡುವ ಗುಂಡಿಗಳು ಅದೇ ಅಳತೆಗೆ. ಕಂಬ ನೆಡುವ ಹುಡುಗರು ಅದನ್ನು ಏನೆನ್ನುತ್ತಾರೆ ಗೊತ್ತಲ್ಲ? "ಮಗಾ, ಆಪಾ ಗ್ಯಾಪ್ ಬಿಡೋ!"

ಈಗ ನನ್ನ ತಪ್ಪು. ಕೋರ್ಸಿನವರು ನಿಮ್ಮ ಮಾತು ದಾಖಲಿಸಲು ಬಂದಾಗ ನಾನು ಅವರ ಸಹಾಯಕಿಯಾಗಿ ಸೇರಿದ್ದೆ. ಕಾರ್ಖಾನೆ ಮುಚ್ಚಿತ್ತು. ಅಂಚೆಯಲ್ಲಿ ಬಿ.ಎ. ಮಾಡಿಕೊಂಡಿದ್ದೆ. ಕರಪತ್ರ ಅನುವಾದಿಸಿ ಇಂಗ್ಲಿಷು ಒಂದಿಷ್ಟು ಕೈಗೆ ಬಂದಿತ್ತು. ನಾಲ್ಕು ಪುಟದ ಒಪ್ಪಿಗೆ ಪತ್ರ, ಪೂರ್ತಿ ಇಂಗ್ಲಿಷು. ನೀವು ಕನ್ನಡಕ ಏರಿಸಿ, "ಏನು ಬರೆದಿದೆ ಇದರಲ್ಲಿ?" ಎಂದು ಕೇಳಿದಿರಿ. ಪಕ್ಕದಲ್ಲಿ ಮುರುಗೇಶಣ್ಣ ಬಾಗಿಲು ರಿಪೇರಿ ಮಾಡುತ್ತಿದ್ದ, ಹೊರಗೆ ಅವರ ಕಾರು ಕಾಯುತ್ತಿತ್ತು. "ಏನಿಲ್ಲ ಆಪಾ, ನಿಮ್ಮ ಮಾತು ಬರ್ಕೊಳ್ಳೋಕೆ ಒಪ್ಪಿದ್ದೀರಿ ಅಂತ ಅಷ್ಟೇ" ಎಂದೆ. "ನನ್ನ ಹೆಸರು ಹಾಕ್ತಾರೆ ತಾನೇ? ಸ್ಪೆಲಿಂಗ್ ಸರಿ ಇರ್ಬೇಕು ನೋಡು" ಎಂದಿರಿ. "ಹಾಕ್ತಾರೆ" ಎಂದೆ. ಕೊನೆಯ ಪುಟದಲ್ಲಿ ಎರಡು ಚೌಕಗಳಿದ್ದವು, ಹೆಸರು ಹಾಕಬಹುದು, ಹೆಸರು ಹಾಕಬಾರದು. ನಾನು ಸರಿಯಾಗಿ ಓದದೆ, ಉಳಿದ ಫಾರಂಗಳಲ್ಲಿ ಮಾಡಿದ ಹಾಗೆಯೇ ಎರಡನೆಯದಕ್ಕೆ ಟಿಕ್ ಹಾಕಿದೆ. ನೀವು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ನಿಧಾನವಾಗಿ ಸಹಿ ಹಾಕಿದಿರಿ. ಹಾಕಿ, ತಲೆಯೆತ್ತಿ, "ರಾಜಿಯಾ?" ಎಂದು ತಮಾಷೆಗೆ ಕೇಳಿದಿರಿ. "ರಾಜಿ ಆಪಾ!" ಎಂದು ನಾನೂ ನಕ್ಕು ಫಾರಂ ಎತ್ತಿಕೊಂಡು ಓಡಿದೆ.

ಎರಡನೇ ಸಲ ಕೇಳಲಿಲ್ಲ. ಹತ್ತು ವರ್ಷ ನಿಮ್ಮ ಪಕ್ಕ ಕೂತು ಕಲಿತವಳು, ನಿಮಗೇ ಎರಡನೇ ಸಲ ಕೇಳಲಿಲ್ಲ. ಆ ಇನ್ಸ್‌ಪೆಕ್ಟರಿಗೂ ನನಗೂ ಏನು ವ್ಯತ್ಯಾಸ?

ಪುಸ್ತಕ ಬಂದದ್ದು ನೀವು ಹೋದ ಮೇಲೆ. ದೇವರು ದೊಡ್ಡವನು, ನೋಡಲಿಲ್ಲ ನೀವು. ಅದರಲ್ಲಿ ನೀವು 'ಮಾಹಿತಿದಾರೆ ಏಳು'. 'ಅನಕ್ಷರಸ್ಥ ಮುಸ್ಲಿಂ ಮಹಿಳೆ' ಎಂದು ಕೆಳಗೆ ಟಿಪ್ಪಣಿ. ದಿನಾ ಬೆಳಿಗ್ಗೆ ಉರ್ದು ಪತ್ರಿಕೆಯನ್ನು ಗಲ್ಲಿಗೆಲ್ಲ ಕೇಳುವ ಹಾಗೆ ಓದುತ್ತಿದ್ದ ನೀವು ಅನಕ್ಷರಸ್ಥೆ! ಎರಡು ಸಲ ಕೇಳುವ ನಿಮ್ಮ ಪದ್ಧತಿಗೆ ಅವರೊಂದು ಇಂಗ್ಲಿಷ್ ಹೆಸರಿಟ್ಟಿದ್ದಾರೆ, ಕನ್ನಡದಲ್ಲಿ ಹೇಳುವುದಾದರೆ 'ಉಭಯ ಸಮ್ಮತಿ ಮಾದರಿ'. ರೂಪಿಸಿದವರು: ವಿಭಾಗದ ಮುಖ್ಯಸ್ಥರು. ದೇಶದೇಶ ಸುತ್ತಿ ಅದರ ಮೇಲೆ ಭಾಷಣ ಮಾಡುತ್ತಾರಂತೆ. ಆ ಮಾದರಿ ಹುಟ್ಟಿದ ಬೆಂಚಿನ ಮೇಲೆ ಅವರು ಒಂದು ದಿನವಾದರೂ ಕೂತಿದ್ದರಾ? ಇಬ್ಬರು ಹುಡುಗರ ಎರಡು ವಾರದ ಲಾಕಪ್ಪು, ತಂಗಿ ಬಿಟ್ಟ ನೀರು, ಇವೆಲ್ಲ ಅವರ ಯಾವ ಟಿಪ್ಪಣಿಯಲ್ಲಿವೆ?

ನೀವು ಹೋದ ದಿನ ಪೆಂಡಾಲಿನ ಕಾಲವಲ್ಲ. ಇಡೀ ರಸ್ತೆ ಖಾಲಿ ಇತ್ತು. ನಾನು ಗಲ್ಲಿಯ ಬಾಯಲ್ಲಿ ಹೆಂಗಸರ ಜೊತೆ ನಿಂತಿದ್ದೆ. ಎಲ್ಲಿ ಬೇಕಾದರೂ ಹೋಗಬಹುದಿತ್ತು, ಆದರೂ ಹೊತ್ತವರು ಸ್ವಲ್ಪ ಬಳಸಿಕೊಂಡು ಬಂದು, ಕಂಬದ ಆ ಎರಡು ಗುಂಡಿಗಳ ನಡುವೆಯೇ ದಾಟಿದರು. ಮುರುಗೇಶಣ್ಣ ಒಂದು ಗುಂಡಿಯ ಪಕ್ಕ ನಿಂತು ಕಣ್ಣಲ್ಲೇ ಅಳತೆ ನೋಡುತ್ತಿದ್ದ. "ಕರೆಕ್ಟಾಗಿದೆ ಶಾಂತಕ್ಕಾ" ಎಂದಷ್ಟೇ ಹೇಳಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಆ ಅಳತೆಯ ಕಥೆಯನ್ನು ನಿಮ್ಮ ಹೆಸರಲ್ಲೇ ಬರೆಯಬೇಕೆಂದು ಅವತ್ತೇ ನಿರ್ಧಾರ ಮಾಡಿ ಆ ಕೋರ್ಸಿಗೆ ನಾನೇ ಸೇರಿದೆ. ಮೂವತ್ತೇಳನೇ ವಯಸ್ಸಿನಲ್ಲಿ, ಆ ಇಂಗ್ಲಿಷ್ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿ. ಕ್ಲಾಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿಯರು ಆಂಟಿ ಎಂದರು. ಎರಡು ವರ್ಷ ಧರ್ಮ, ಹಿಂಸೆ, ಮಧ್ಯಸ್ಥಿಕೆ ಎಲ್ಲ ಓದಿದೆ. ಸುಳ್ಳು ಹೇಳಬಾರದು, ಒಳ್ಳೆಯ ವಿಷಯಗಳೂ ಇದ್ದವು, ಕೆಲವನ್ನು ನಿಮಗೆ ಹೇಳಿ ಜಗಳವಾಡಬೇಕು ಅನ್ನಿಸುತ್ತಿತ್ತು. ಕೊನೆಗೆ ಪ್ರಬಂಧ ಬರೆದೆ. ವಿಷಯ: ಒಂದು ಗಲ್ಲಿಯಲ್ಲಿ ರಾಜಿ ಎಂಬ ಮಾತು. ಮೊದಲ ಪುಟದಲ್ಲೇ ನಿಮ್ಮ ಹೆಸರು, ಅಂಗಡಿ, ಬೆಂಚು. ಪದ್ಧತಿ ಯಾರದ್ದೆಂದು ನೇರವಾಗಿ ಬರೆದೆ.

ಮೊನ್ನೆ ಸೋಮವಾರ ಆ ಎ.ಸಿ. ಹಾಲಿಗೇ ಕರೆಸಿದರು. ಹಲಸೂರಿನಲ್ಲಿ ಮೆಟ್ರೊಗೆಂದು ಅಗೆದಿದ್ದಾರೆ, ಬಸ್ಸು ಸುತ್ತಿ ಬಳಸಿ ತಡವಾಯಿತು. ವಿಭಾಗದ ಮುಖ್ಯಸ್ಥರು, ನನ್ನ ಗೈಡ್ ಮೇಡಂ, ನಡುವೆ ಮೇಜು. ಮೇಜಿನ ಮೇಲೆ ನಿಮ್ಮ ಸಹಿ ಇದ್ದ ಆ ಫಾರಂ.

"ನೋಡಿ ಶಾಂತಾ, ಆಕೆಯೇ ಹೆಸರು ಬೇಡ ಅಂತ ಸೈನ್ ಮಾಡಿದಾರೆ. ನೀವು ಹೆಸರು ಹಾಕೋದು ಎಥಿಕ್ಸ್ ವಯಲೇಶನ್ ಆಗುತ್ತೆ" ಎಂದರು ಮುಖ್ಯಸ್ಥರು.

"ಆ ಟಿಕ್ ಅವರದ್ದಲ್ಲ ಸಾರ್. ನನ್ನದು" ಎಂದೆ.

ಮೇಡಂ ತಲೆಯೆತ್ತಿದರು. ಮುಖ್ಯಸ್ಥರು ಕನ್ನಡಕ ತೆಗೆದರು. "ಇದನ್ನ ಹೊರಗೆ ಹೇಳ್ಬೇಡಿ. ನಿಮ್ಮ ಡಿಗ್ರಿನೇ ಹೋಗುತ್ತೆ."

"ಹೇಳ್ತಾ ಇದೀನಲ್ಲ ಸಾರ್. ನಾನು ಓದಿ ಹೇಳ್ಲಿಲ್ಲ. ಅವರು ಹೆಸರು ಹಾಕಿ ಅಂದಿದ್ರು. ಕೇಳಿಸ್ಕೊಂಡ ಮುರುಗೇಶಣ್ಣ ಬದುಕಿದಾನೆ, ಪಕ್ಕದಲ್ಲೇ ಬಾಗಿಲು ರಿಪೇರಿ ಮಾಡ್ತಿದ್ದ."

ಅವರ ದನಿ ಮೃದುವಾಯಿತು. ಶಾಂತಿ ನಿರ್ಮಾಣದ ದನಿ. "ಬಿ ಪ್ರಾಕ್ಟಿಕಲ್. ಕೃತಜ್ಞತೆ ಪುಟದಲ್ಲಿ 'ಗಲ್ಲಿಯ ಹಿರಿಯ ಮಹಿಳೆಯೊಬ್ಬರಿಗೆ' ಅಂತ ಒಂದು ಲೈನ್ ಹಾಕಿ. ಒಳಗೆ ನಂಬರ್ ಇರ್ಲಿ. ಮೆಥಡ್‌ಗೆ ನಮ್ಮ ಪುಸ್ತಕ ಕೋಟ್ ಮಾಡಿ. ಈ ವರ್ಷಾನೇ ಡಿಗ್ರಿ ತಗೊಳ್ಳಿ. ಇಲ್ಲಾಂದ್ರೆ ಪ್ರಬಂಧ ರಿಜೆಕ್ಟ್ ಮಾಡ್ಬೇಕಾಗುತ್ತೆ. ಏನಂತೀರಿ, ರಾಜಿ ಮಾಡ್ಕೊಳ್ಳೋಣ?"

ಆ ಮಾತು! ಅವರ ಬಾಯಲ್ಲಿ, ಆ ಹಾಲಿನಲ್ಲಿ, ಆ ಪಾರಿವಾಳದ ಕೆಳಗೆ! ಆಪಾ, ಪಟಾಕಿ ಅಂಗಡಿಗೆ ಕಡ್ಡಿ ಗೀರಿದ ಹಾಗಾಯಿತು. ಡಿಗ್ರಿ ನನಗೆ ಬೇಕಿತ್ತು, ಬೇಡ ಅಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಅವ್ವನಿಗೆ ಹೇಳಿಯಾಗಿತ್ತು. ಪೆನ್ನು ಕೈಯಲ್ಲಿತ್ತು. ಕೆಳಗಿಟ್ಟೆ. ಒಂದು ಉಸಿರು ಬಿಟ್ಟೆ. ನೀವು ಬಿಡುತ್ತಿದ್ದ ಹಾಗೆ. ನನಗೆ ನಾನೇ ಎರಡನೇ ಸಲ ಕೇಳಿಕೊಂಡೆ: ಸಚ್ಚಿ ಬೋಲ್ ಶಾಂತಾ, ರಾಜಿ ಹೈ ಕ್ಯಾ?

"ಇಲ್ಲ ಸಾರ್. ನಾನು ರಾಜಿಯಿಲ್ಲ" ಎಂದೆ.

"ಹಾಗಾದ್ರೆ ಮುಗೀತು" ಎಂದು ಅವರು ಫೈಲು ಮುಚ್ಚಿದರು. ಹಳೆಯ ಶಾಂತಾ ಆಗಿದ್ದರೆ ಆ ಫೈಲನ್ನೇ ಎಸೆದು, ಬಾಗಿಲು ಬಡಿದು, ಗೇಟಿನಲ್ಲಿ ಘೋಷಣೆ ಕೂಗುತ್ತಿದ್ದೆ. ಕೂಗುವುದನ್ನು ಬಿಟ್ಟಿಲ್ಲ, ಬೇಕಾದರೆ ಮುಂದೆ ಕೂಗುತ್ತೇನೆ. ಆದರೆ ಎದ್ದು ನಿಂತು ಹೇಳಿದೆ: "ಮುಗೀಲಿಲ್ಲ ಸಾರ್. ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ಉಭಯ ಸಮ್ಮತಿ ಸಿಗದಿದ್ದರೆ ಮುಂದಿನ ಸಭೆಯ ದಿನ, ಹೊತ್ತು ಹೇಳಿ ಏಳಬೇಕು ಅಂತ? ಎಪ್ಪತ್ತೆರಡನೇ ಪುಟ. ನಾನು ಹೇಳ್ತೀನಿ, ಬರ್ಕೊಳ್ಳಿ. ಆದ್ರೆ ಇಲ್ಲಲ್ಲ. ಗಲ್ಲಿಯಲ್ಲಿ. ಮಾಹಿತಿದಾರೆ ಏಳರ ಅಂಗಡಿಯ ಮುಂದೆ. ಪ್ರಬಂಧ ಅಲ್ಲೇ ಓದ್ತೀನಿ, ಮೂರು ಭಾಷೆಯಲ್ಲಿ. ನೀವು ಕೊಟ್ಟಿದ್ದ ಮಾತು ಅದು, ನಾನು ನಡೆಸ್ತೀನಿ."

ಮುಖ್ಯಸ್ಥರು ಕಿಟಕಿಯ ಕಡೆ ನೋಡುತ್ತಿದ್ದರು. ಮೇಡಂ ಮಾತ್ರ, ಅವರಿಗೆ ಕಾಣದ ಹಾಗೆ, ಡೈರಿ ತೆರೆದು ಬರೆದುಕೊಂಡರು.

ಅಲ್ಲಿಂದ ನೇರ ಗಲ್ಲಿಗೆ ಹೋದೆ. ನಿಮ್ಮ ಅಂಗಡಿಯಲ್ಲೀಗ ನಿಮ್ಮ ತಂಗಿಯ ಸೊಸೆ ಕೂರುತ್ತಾಳೆ, ಜಿಗ್‌ಜಾಗ್ ಹೊಲಿಗೆ ನಿಮ್ಮಷ್ಟು ನೀಟಿಲ್ಲ, ಕಲಿಯುತ್ತಾಳೆ. ನಾನು ಮಾಡಿದ ತಪ್ಪನ್ನು ಅವಳ ಮುಂದೆ, ನಿಮ್ಮ ತಂಗಿಯ ಮುಂದೆ ಹೇಳಿದೆ. ನಿಮ್ಮ ತಂಗಿ ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಕೊನೆಗೆ ಒಳಗಿನಿಂದ ಒಂದು ಲೋಟ ನೀರು ತಂದಿಟ್ಟು, "ಪೀ" ಎಂದರು. ಕುಡಿದೆ. ಮುರುಗೇಶಣ್ಣ ಬೆಂಚಿನ ಕಾಲು ಅಲುಗಾಡುತ್ತಿದೆ ಎಂದು ಮೊಳೆ ಹೊಡೆಯುತ್ತಿದ್ದ. "ದೊಡ್ಡೋರು ಬರ್ತಾರಾ ಶಾಂತಕ್ಕಾ?" ಎಂದು ಕೇಳಿದ. ಬರದಿದ್ದರೆ ಅದರ ಮುಂದಿನ ವಾರ ಎಂದೆ. "ಆಗ್ಲಿ ಬಿಡು, ಬೆಂಚು ಗಟ್ಟಿಯಾಗಿದೆ" ಎಂದ.

ನಿಮ್ಮ ಹೆಸರನ್ನು ಪ್ರಬಂಧದಿಂದ ತೆಗೆದಿಲ್ಲ. ಸ್ಪೆಲಿಂಗ್ ಮೂರು ಸಲ ನೋಡಿದ್ದೇನೆ.

ಗುರುವಾರ, ಆಪಾ. ಬೆಳಿಗ್ಗೆ ಹನ್ನೊಂದು ಗಂಟೆಗೆ.

ನಿಮ್ಮ
ಶಾಂತಾ